ಎರಡು ಲಕ್ಷ್ಮಿಗೆ ಒಬ್ಬ ಯೇಸು

ಅಂದು ಬೆಳಗಿನಿಂದ ಮಾಡಿದ ಕೆಲಸಗಳು: ಒಲೆಯ ಬೂದಿ ತೆಗೆದದ್ದು. ಅಂಗಳ ಗುಡಿಸಿ ಸಾರಿಸಿದ್ದು. ಮಗ್ಗದ ಕುಣಿಗೆ ಬಿದ್ದಿದ್ದ ಇಲಿಮರಿಯನ್ನು ಮೊರದಲ್ಲಿ ಎತ್ತಿ ಹೊರಗೆ ಹಾಕಿದ್ದು. ಗಂಡನ ಲಾಳಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ರಾಟೆಯಲ್ಲಿ ಸುತ್ತಿ ಬುಟ್ಟಿಗೆ ತುಂಬಿದ್ದು. ಹುರುಳಿ ಬೇಯಲು ಇಟ್ಟದ್ದು. ಕಜ್ಜಾಯದ ಹಿಟ್ಟನ್ನು ಮುಟ್ಟಿ ನೋಡಿ, ಇನ್ನೂ ಹದ ಬಂದಿಲ್ಲವೆಂದು ಮುಚ್ಚಿಟ್ಟದ್ದು. ಮಗನ ತಲೆಗೆ ಎಣ್ಣೆ. ಮಗಳ ತಲೆಗೆ ಎಣ್ಣೆ, ಬೈಗುಳ, ಜಡೆ. ತೀರಿಹೋದ ಅತ್ತೆಯ ಹಳೆಯ ಸೀರೆಯ ತುಂಡೊಂದನ್ನು ಬೂದಿನೀರಿನಲ್ಲಿ ಕುದಿಸಿ, ಬಾವಿಕಟ್ಟೆಯ ಮೇಲೆ ಮೆಲ್ಲಗೆ ಹಿಂಡಿ, ಹಿತ್ತಲ ಹಗ್ಗದ ಮೇಲೆ ನೆರಳಿಗೆ ಹರವಿದ್ದು.

ಈ ಕೊನೆಯ ಕೆಲಸಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ. ಅದು ಮೂವತ್ತರ ದಶಕದ ನಡುವಿನ ಒಂದು ಡಿಸೆಂಬರ್, ಕ್ರಿಸ್ಮಸ್ಸಿನ ಹಿಂದಿನ ದಿನ. ನಾವು ಆಗ ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದ ನೇಕಾರರ ಬೀದಿಯಲ್ಲಿದ್ದೆವು.

ನಮ್ಮದು ನೇಯುವ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾವನವರು ಹರೆಯದಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಮೇಲೆ ಬೀದಿಯ ನಮ್ಮವರೇ ನಮ್ಮ ಮನೆಯ ನೀರು ಕುಡಿಯುವುದನ್ನು ನಿಲ್ಲಿಸಿದರು. ಮಾತು ನಿಲ್ಲಿಸಲಿಲ್ಲ, ನೂಲಿನ ಕೊಡುಕೊಳ್ಳುವಿಕೆ ನಿಲ್ಲಿಸಲಿಲ್ಲ. ಇನ್ನೊಂದನ್ನೂ ನಿಲ್ಲಿಸಲಿಲ್ಲ, ಅದು ಹಳೆಯ ಬಟ್ಟೆ.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಸುತ್ತುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಒರಟಾಗಿರುತ್ತದೆ, ಚುಚ್ಚುತ್ತದೆ. ಅದನ್ನು ನೇಯುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಟ್ಟು, ಒಗೆದು, ಸವೆದು, ಬೆಣ್ಣೆಯಂತಾದ ಸೀರೆಯನ್ನು ಹರಿದು ಅದರಲ್ಲಿ ಕೂಸನ್ನು ಸುತ್ತಬೇಕು. ಹೆತ್ತ ಮಕ್ಕಳೆಲ್ಲ ಉಳಿದು ಬೆಳೆದ ಮನೆಯ ಸೀರೆಯಾದರೆ ಇನ್ನೂ ಒಳ್ಳೆಯದು ಎಂದು ಬೀದಿಯ ನಂಬಿಕೆ. ನನ್ನ ಅತ್ತೆ ಹೆತ್ತ ಮಕ್ಕಳೆಲ್ಲ ಉಳಿದಿದ್ದರು. ಹಾಗಾಗಿ ನಮ್ಮ ನೀರು ಒಲ್ಲದವರೂ ಹಿತ್ತಲ ಬಾಗಿಲಿಗೆ ಬಂದು ಅತ್ತೆಯ ಸೀರೆ ಕೇಳಿ ಒಯ್ಯುತ್ತಿದ್ದರು.

ಅತ್ತೆಗೆ ಓದು ಬರದು. ಚರ್ಚಿನಲ್ಲಿ ಓದುವುದು, ಹಾಡುವುದು ಎಲ್ಲ ತಮಿಳಿನಲ್ಲಿ. ಮನೆಯಲ್ಲಿದ್ದ ಕನ್ನಡ ವೇದಪುಸ್ತಕವನ್ನು ನಾನು ಓದಿದರೆ ಅವರು ಹತ್ತಿ ಬಿಡಿಸುತ್ತ ಕೇಳುತ್ತಿದ್ದರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕತೆ ಬಂದಾಗ ಒಮ್ಮೆ ನನ್ನನ್ನು ತಡೆದು ಕೇಳಿದರು: "ಯಾವ ಬಟ್ಟೇಂತ ಬರ್ದದೆ?" ಬರೆದಿಲ್ಲ ಎಂದೆ. "ಬರೀಬೇಕಾಗಿಲ್ಲ. ಊರು ಬಿಟ್ಟು ಊರಿಗೆ ಹೋದೋರ ಹತ್ರ ಹೊಸದು ಎಲ್ಲಿರ್ತದೆ? ಇದ್ರೂ ಯಾವ ತಾಯಿ ಸುತ್ತತಾಳೆ? ಆಯಮ್ಮ ಉಟ್ಟಿದ್ದ ಸೀರೆನೇ ಹರ್ದಿರ್ತಾಳೆ."

ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಅತ್ತೆ ನಡೆಸಿಕೊಂಡು ಬಂದ ಕ್ರಿಸ್ಮಸ್ಸೂ ಅದೇ. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲ, ಒಗೆದ ಬಟ್ಟೆ. ಮನೆಯ ಒಂದು ಮಗು ತಾನು ಹೊದ್ದು ಮಲಗುವ ಹಳೆಯ ಬಟ್ಟೆಯನ್ನು, ತನಗೆ ಇಷ್ಟವಾದದ್ದನ್ನೇ, ಬೀದಿಯಲ್ಲಿ ಕಡೆಯದಾಗಿ ಹುಟ್ಟಿದ ಕೂಸಿಗೆ ಕೊಡಬೇಕು. ಯಾರ ಮನೆಯ ಕೂಸಾದರೂ ಸರಿ. ಕೊಡುವ ಮಗುವೇ ತನ್ನ ಕೈಯಾರೆ ಕೊಡಬೇಕು. ನನ್ನ ಗಂಡ ಚಿಕ್ಕವರಾಗಿದ್ದಾಗ ಕೊಟ್ಟಿದ್ದರು. ಆ ವರ್ಷ ನನ್ನ ಮಗಳ ಸರದಿ. ಅವಳ ಬಟ್ಟೆ ಎಂದರೆ ಅಜ್ಜಿಯ ಕಡೆಯ ಸೀರೆಯ ಅರ್ಧ. ಅದರ ಅಂಚನ್ನು ಬಾಯಲ್ಲಿ ಕಚ್ಚಿಕೊಳ್ಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಮೊದಲಿನ ಭಾನುವಾರಗಳಲ್ಲಿ ಕೇಳಿದಾಗಲೆಲ್ಲ "ಕೊಡ್ತೀನಿ" ಎನ್ನುತ್ತಿದ್ದಳು.

ಆ ವರ್ಷ ಇದರ ನಡುವೆ ಮುದಲಾಳಿ ಬಂದರು. ಮುದಲಾಳಿ ಎಂದರೆ ನಮಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ವ್ಯಾಪಾರಿ, ಕೊಯಮತ್ತೂರಿನ ಅಂಗಡಿ ಬೀದಿಯಲ್ಲಿ ದೊಡ್ಡ ಜವಳಿ ಅಂಗಡಿ ಇಟ್ಟವರು. ನಮ್ಮ ಕೈಮಗ್ಗದ ಸೀರೆಗಳನ್ನು ಹಿಂದಿನ ಕಪಾಟಿಗೆ ತಳ್ಳಿ ಮುಂದೆ ಮಿಲ್ಲಿನ ಬಟ್ಟೆಯನ್ನೂ ಜಪಾನಿನ ಪಟ್ಟನ್ನೂ ಜೋಡಿಸಿಕೊಂಡಿದ್ದರು. ಪಟ್ಟು ಎಂದರೆ ರೇಷ್ಮೆ. ಇದು ಹೆಸರಿಗೆ ಮಾತ್ರ ಪಟ್ಟು, ಯಾವ ಹುಳವೂ ಸುತ್ತಿದ್ದಲ್ಲ. ಬಟ್ಟೆಯ ಪ್ರತಿ ಮಡಿಕೆಯ ಮೇಲೂ ಬಣ್ಣದ ಚಿತ್ರದ ಚೀಟಿಯೊಂದನ್ನು ಅಂಟಿಸುತ್ತಿದ್ದರು. ಅದಕ್ಕೆ ಟಿಕೇಟು ಎನ್ನುತ್ತಿದ್ದರು. ದೀಪಾವಳಿಗೆ ತಾವರೆಯ ಮೇಲೆ ನಿಂತ ಲಕ್ಷ್ಮಿ. ದೀಪಾವಳಿ ಮುಗಿದು ಉಳಿದುಹೋದ ಅದೇ ಬಟ್ಟೆಯ ಮೇಲೆ, ಲಕ್ಷ್ಮಿಯನ್ನು ಕಿತ್ತು, ತಾಯಿಯ ತೊಡೆಯ ಮೇಲೆ ಕೂತ ಬಾಲ ಯೇಸು. ಕೆಳಗೆ ಎರಡರಲ್ಲೂ ಅಂಗಡಿಯ ಹೆಸರು, ಒಂದೇ ಅಳತೆಯ ಅಕ್ಷರ. ಸರಿಯಾಗಿ ನೋಡಿದರೆ ಯೇಸುವಿನ ಹಿಂದೆ ಲಕ್ಷ್ಮಿಯ ಗೋಂದಿನ ಕಲೆ ಕಾಣುತ್ತಿತ್ತು.

ಬೀದಿಯ ಮಕ್ಕಳಿಗೆ ಟಿಕೇಟಿನ ಹುಚ್ಚು ಹಿಡಿಯಿತು. ಗಿರಾಕಿಗಳ ಮನೆಗೆ ಹೋಗಿ ಬೇಡಿ ತರುವುದು, ಗೋಲಿಗೆ ಬದಲಾಯಿಸುವುದು, ಅಂಟಿಸುವುದು. ಒಂದು ದಿನ ಮಗಳು ಹಿತ್ತಲಲ್ಲಿ ಪಕ್ಕದ ಮನೆಯ ಹುಡುಗಿಯ ಎದುರು ಕೂತು ಹೇಳುವುದು ಕೇಳಿಸಿತು.

"ಎರಡು ಲಕ್ಷ್ಮಿ ಕೊಡ್ತೀನಿ, ಯೇಸೂನ ಕೊಡು."

"ಎರಡಕ್ಕಾ? ಯೇಸು ಹೊಸದು. ಇನ್ನೊಂದು ಗೋಲೀನೂ ಹಾಕು."

ಗೋಲಿಯನ್ನೂ ಹಾಕಿದಳು. ಒಳಗೆ ಓಡಿ ಬಂದು, "ಅಮ್ಮಾ, ನಮ್ಮ ಸಾಮಿಗೇ ರೇಟು ಜಾಸ್ತಿ" ಎಂದು ಹೆಮ್ಮೆಯಿಂದ ಹೇಳಿದಳು. ಬೆನ್ನ ಮೇಲೆ ಒಂದು ಬಿಟ್ಟೆ. ಯಾಕೆ ಹೊಡೆದೆನೆಂದು ಅವಳಿಗೆ ತಿಳಿಯಲಿಲ್ಲ. ಬಿಡಿಸಿ ಹೇಳುವ ತಾಳ್ಮೆ ಆಗ ನನಗಿರಲಿಲ್ಲ. ಸಂಜೆ ಬಾವಿಯ ಹತ್ತಿರ ಪಕ್ಕದ ಮನೆಯಾಕೆ ಸಿಕ್ಕಾಗ ಅವಳ ಮುಖವೂ ಉರಿಯುತ್ತಿತ್ತು. "ನಮ್ಮ ಲಕ್ಷ್ಮಿನ ಅರ್ಧ ಬೆಲೆಗೆ ಇಳಿಸಿದಾರೆ ನಿಮ್ಮ ಮುದಲಾಳಿ" ಎಂದಳು. "ನಮ್ಮೋರನ್ನ ಸಂತೆಗೆ ಇಟ್ಟಿದಾರೆ, ನಿನಗೇನು" ಎಂದೆ. ಇಬ್ಬರೂ ಸೇರಿ ಬಿಂದಿಗೆ ತುಂಬುವವರೆಗೂ ಅವರನ್ನು ಬೈದೆವು. ಬೈದರೂ ಮಾರನೆಯ ದಿನ ಇಬ್ಬರ ಮನೆಗೂ ನೂಲು ಅವರ ಗಾಡಿಯಲ್ಲೇ ಬಂದಿತು.

ಮುಂದಿನ ವಾರ ನಮ್ಮ ಚರ್ಚಿನ ಉಪದೇಶಿಯವರು ಮನೆಗೆ ಬಂದರು. ಒಳ್ಳೆಯ ಮನುಷ್ಯರು, ಬಡವರು. ಅವರದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ತಂಗಚ್ಚಿ, ಸಂತೋಷದ ಸಮಾಚಾರ. ಈ ಸಲ ಕ್ರಿಸ್ಮಸ್ ಹಿಂದಿನ ದಿನ ಚರ್ಚಿನ ಅಂಗಳದಲ್ಲಿ ಮಕ್ಕಳ ನಾಟಕ. ಚಪ್ಪರ, ದೀಪ, ಮಿಠಾಯಿ ಎಲ್ಲ ಮುದಲಾಳಿಯದು. ನಿನ್ನ ಮಗಳೇ ಯೇಸುವಿನ ತಾಯಿ ಮರಿಯಳು."

"ಮುದಲಾಳಿಗೆ ಯೇಸುವಿನ ಮೇಲೆ ಯಾವಾಗ ಇಷ್ಟು ಪ್ರೀತಿ ಬಂತು, ಅಯ್ಯಾ?"

"ಪ್ರೀತಿ ಯಾವ ದಾರಿಯಿಂದ ಬಂದರೇನಮ್ಮ."

"ದೀಪಾವಳಿ ಬಟ್ಟೆ ಉಳಿದುಹೋದ ದಾರಿಯಿಂದ ಬಂತೇನೋ ಅಂತ ಕೇಳಿದೆ."

ಮಗ್ಗದ ಕುಣಿಯಲ್ಲಿ ಕೂತಿದ್ದ ನನ್ನ ಗಂಡ ಕೆಮ್ಮಿದರು. ಉಪದೇಶಿಯವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಚರ್ಚಿನ ಹೆಂಚು ಸೋರುತ್ತಿದೆ. ಅದನ್ನೂ ಹಾಕಿಸಿಕೊಡುತ್ತೇನೆ ಎಂದಿದ್ದಾರೆ" ಎಂದರು, ಮೆಲ್ಲಗೆ. ಮಳೆಗಾಲದಲ್ಲಿ ಮಂಡಿಯೂರಿದಾಗ ಸೆರಗು ನೆನೆಯುವುದು ನನಗೂ ಗೊತ್ತಿತ್ತು.

ಅವರು ಹೋದ ಮೇಲೆ ಗಂಡನಿಗೆ ಹೇಳಿದೆ: "ಕಳಿಸಲ್ಲ."

"ಕಳಿಸು. ನೂಲು ಅವರದು."

"ನೂಲು ಅವರದಾದ್ರೆ ಮಗಳೂ ಅವರವಳಾ?"

ಅವರು ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಒಂದು ಸಲ ಎಸೆದು, ಹಲಗೆ ಬಡಿದು, ಆಮೇಲೆ ಹೇಳಿದರು: "ನಮ್ಮವಳಾದ್ರೆ ವಾಪಸ್ಸು ಬರ್ತಾಳೆ. ಕಟ್ಟಿ ಹಾಕಿ ಎಷ್ಟು ದಿವಸ ನಮ್ಮವಳು ಅಂತ ಹೇಳ್ಕೋತೀಯೆ?"

ಮಗಳು ಕಂಬದ ಹಿಂದೆ ನಿಂತು ಎಲ್ಲ ಕೇಳಿದ್ದಳು. "ಪಟ್ಟು ಪಾವಾಡೆ ಕೊಡ್ತಾರಂತೆ ಅಮ್ಮಾ" ಎಂದಳು. ಪಾವಾಡೆ ಎಂದರೆ ಕಾಲು ಮುಚ್ಚುವ ಲಂಗ. ಅವಳು ಹುಟ್ಟಿದಂದಿನಿಂದ ಪಟ್ಟಿನದನ್ನು ಉಟ್ಟಿರಲಿಲ್ಲ. ಆಮೇಲೆ, ನೆಲ ನೋಡುತ್ತ, ಇನ್ನೊಂದು ಮಾತು: "ಈ ಸಲ ಕೂಸಿಗೆ ಅಂಗಡಿ ಬಟ್ಟೇನೇ ಕೊಡೋಣ. ಇಸ್ಕೂಲಲ್ಲಿ ಎಲ್ರೂ ನಗ್ತಾರೆ. ನಿಮ್ಮ ಮನೇಲಿ ಹಬ್ಬಕ್ಕೆ ಹರಕು ದಾನವಾ ಅಂತಾರೆ."

ನಾನು ಹೊಡೆಯಲಿಲ್ಲ. ಅತ್ತೆ ಎಷ್ಟೋ ವರ್ಷ ಬಾಯಲ್ಲಿ ಹೇಳಿ, ಕೈಯಲ್ಲಿ ಮಾಡಿ ಮಗುವಿನೊಳಗೆ ಇಟ್ಟದ್ದನ್ನು ಒಂದು ಚಪ್ಪರದ ಆಸೆ ತೋರಿಸಿ ಅಂಗಡಿಯವನು ಹೀಗೆ ಕಿತ್ತುಕೊಂಡನಲ್ಲ ಎಂದುಕೊಂಡೆ. ಕಷ್ಟ ಕೊಟ್ಟವರ ಎದುರು ನಮ್ಮ ಮಾವ ನಂಬಿಕೆ ಬಿಡಲಿಲ್ಲ. ನೀರು ನಿಲ್ಲಿಸಿದವರ ಎದುರು ಅತ್ತೆ ಬಿಡಲಿಲ್ಲ. ಮಿಠಾಯಿ ಕೊಡುವವರ ಎದುರು ಏನು ಮಾಡಬೇಕೆಂದು ಇಬ್ಬರೂ ನಮಗೆ ಹೇಳಿಕೊಟ್ಟು ಹೋಗಿರಲಿಲ್ಲ.

ಹಾಗಾಗಿ ಅಂದು ಬೆಳಿಗ್ಗೆ ಆ ಸೀರೆಯ ತುಂಡನ್ನು ಒಗೆದು ಹರವಿದಾಗ ಅದು ಕೊಡಲಿಕ್ಕೋ ಇಟ್ಟುಕೊಳ್ಳಲಿಕ್ಕೋ ನನಗೇ ಗೊತ್ತಿರಲಿಲ್ಲ. ಮಗಳು ಊಟವಾದ ಕೂಡಲೇ ನಾಟಕಕ್ಕೆ ಓಡಿದಳು. ಹಗ್ಗದ ಕಡೆ ನೋಡಲೂ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲ ಬಾಗಿಲು ಸದ್ದಾಯಿತು. ನನ್ನ ಗಂಡನ ಚಿಕ್ಕಮ್ಮ, ಅವರನ್ನೂ ನಾನು ಅತ್ತೆ ಎನ್ನುತ್ತಿದ್ದೆ. ಅವರ ಮನೆಯವರು ದೀಕ್ಷೆ ಪಡೆದವರಲ್ಲ. ನಮ್ಮ ಮನೆಯೊಳಗೆ ಬಂದು ಯಾವ ಕಾಲವೋ ಆಗಿತ್ತು.

"ಸೊಸೆ ಹೆತ್ತಳು ಕಣೇ. ಕೋಳಿ ಕೂಗೋ ಹೊತ್ತಿಗೆ. ಗಂಡು."

"ಸೊಸೆ ಚೆನ್ನಾಗಿದಾಳಾ ಅತ್ತೆ?"

"ಇದಾಳೆ. ಕೂಸೇ ಸಣ್ಣದು, ಮೈ ಎಲ್ಲ ಕೆಂಪು. ಮುಟ್ಟಿದ್ರೆ ಅಳ್ತದೆ. ಹಳೇದೇನಾರ ಇದ್ರೆ ಕೊಡೇ. ನಿಮ್ಮತ್ತೇದಾದ್ರೆ ಚಂದ." ಹೇಳುತ್ತಲೇ ಅವರ ಕಣ್ಣು ಹಗ್ಗದ ಮೇಲೆ ನಿಂತಿತು. ಆ ಸೀರೆಯನ್ನು ಅವರೂ ಬಲ್ಲರು.

"ಅದು ಮಗಳದು ಅತ್ತೆ. ಅವಳೇ ಕೊಡಬೇಕು."

"ಪುಳ್ಳೆ ಎಲ್ಲಿ, ನಿನ್ನ ಮಗಳು?"

"ಚರ್ಚಿನ ಅಂಗಳದಲ್ಲಿ ಯೇಸುವಿನ ತಾಯಿ ಆಗಿದಾಳೆ."

"ಇಷ್ಟು ಚಿಕ್ಕ ವಯಸ್ಸಿಗೇ?" ಎಂದು ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಕರ್ಕೊಂಡು ಬಾ ಹೋಗು. ಕೂತಿರ್ತೀನಿ." ನೀರು ಬೇಕೇ ಎಂದು ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಚರ್ಚಿನ ಅಂಗಳ ನನಗೆ ಗುರುತು ಸಿಗದಂತಾಗಿತ್ತು. ಬೇತ್ಲೆಹೇಮಿನ ಕೊಟ್ಟಿಗೆಯ ಮೇಲೆ ಅಂಗಡಿಯ ಹೆಸರಿನ ದೊಡ್ಡ ಹಲಗೆ, ಅದರ ಕೆಳಗೆ ಜಾಗ ಸಿಕ್ಕಷ್ಟರಲ್ಲಿ ಒಬ್ಬ ದೇವದೂತ. ಗೇಟಿನ ಬಳಿ ಬಟ್ಟೆ ಮಾರುವ ಗಾಡಿ. ಕೊಟ್ಟಿಗೆಯೊಳಗೆ ನನ್ನ ಮಗಳು ನೀಲಿ ಪಟ್ಟಿನಲ್ಲಿ ಕೂತಿದ್ದಳು, ಕೈಯಲ್ಲಿ ಜಪಾನಿನ ಗೊಂಬೆ. ಗೊಂಬೆಗೆ ಅಂಗಡಿಯ ಬಿಳಿ ಪಟ್ಟು ಸುತ್ತಿ, ಎದೆಯ ಮೇಲೆ ಟಿಕೇಟು ಅಂಟಿಸಿದ್ದರು. ಯೇಸುವಿನ ಎದೆಯ ಮೇಲೆ ಯೇಸುವಿನ ಚಿತ್ರ, ಅದರ ಕೆಳಗೆ ಅಂಗಡಿಯ ವಿಳಾಸ.

"ಟಿಕೇಟು ಈ ಕಡೆ, ಪಾಪಾ. ಜನದ ಕಡೆ" ಎಂದು ಅಂಗಡಿಯ ಗುಮಾಸ್ತ ಚಪ್ಪರದ ಕಂಬಕ್ಕೆ ಒರಗಿ ಹೇಳುತ್ತಲೇ ಇದ್ದ.

ಮಕ್ಕಳು ಹಾಡುತ್ತಿದ್ದರು. ಹೊಸ ಬಟ್ಟೆಯ ಮಡಿಕೆ ಗೊಂಬೆಯ ಮೈಗೆ ಕೂರದೆ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಆಗ ನನ್ನ ಮಗಳ ಕೈ ತಾನಾಗಿಯೇ ಒಂದು ಕೆಲಸ ಮಾಡಿತು. ಮಗ್ಗದಿಂದ ಇಳಿಸಿದ ಬಟ್ಟೆಯ ಗಂಜಿ ಮುರಿಯಲು ನಾವು ಎರಡು ಅಂಗೈ ನಡುವೆ ಹಿಡಿದು ಉಜ್ಜುತ್ತೇವಲ್ಲ, ಹಾಗೆ ಗೊಂಬೆಯ ಕುತ್ತಿಗೆಯ ಬಳಿಯ ಅಂಚನ್ನು ಹಿಡಿದು ಉಜ್ಜಿದಳು. ಉಜ್ಜಿ, ಮೃದುವಾಯಿತೇ ಎಂದು ಕೆನ್ನೆಗೆ ಒತ್ತಿ ನೋಡಿದಳು.

"ಏ, ಕಸಕಬೇಡ, ಮಾರೋ ಬಟ್ಟೆ ಅದು" ಎಂದ ಗುಮಾಸ್ತ.

ಹಾಡು ಮುಗಿಯಿತು. ಉಪದೇಶಿಯವರು ಮುದಲಾಳಿಯ ವ್ಯಾಪಾರ ಬೆಳೆಯಲೆಂದು ಪ್ರಾರ್ಥಿಸಿದರು. ಆಮೆನ್‌ಗೆ ನಾನು ಕಾಯಲಿಲ್ಲ. ನೇರ ಕೊಟ್ಟಿಗೆಯ ಹತ್ತಿರ ಹೋದೆ.

"ಅಮ್ಮ, ತಡೀರಿ. ಇನ್ನೊಂದು ಆಟ ಇದೆ. ಮಿಲ್ಲು ಬಿಟ್ಟ ಮೇಲೆ ಜನ ಬರೋದು" ಎಂದು ಗುಮಾಸ್ತ ಅಡ್ಡ ಬಂದ. "ಈ ಹುಡುಗಿ ಹೋದ್ರೆ ಮರಿಯಳಿಗೆ ಏನು ಮಾಡ್ಲಿ?"

"ಗೋದಾಮಿನಲ್ಲಿ ಹುಡುಕಪ್ಪ. ಉಳಿದುಹೋದೋರು ಯಾರಾದ್ರೂ ಇರ್ತಾರೆ."

ಮಗಳಿಗೆ ಹೇಳಿದ್ದು ಇಷ್ಟೇ: "ಚಿಕ್ಕಜ್ಜಿ ಬಂದು ಹಿತ್ತಲಲ್ಲಿ ಕೂತಿದಾರೆ. ಅವರ ಮನೇಲಿ ಇವತ್ತು ಕೂಸು ಹುಟ್ಟಿದೆ. ನಿನ್ನ ಬಟ್ಟೆ ಹಗ್ಗದ ಮೇಲಿದೆ. ಬರ್ತೀಯೋ, ಇನ್ನೊಂದು ಆಟ ಆಡ್ತೀಯೋ, ನಿನ್ನಿಷ್ಟ." ತಿರುಗಿ ನೋಡದೆ ನಡೆದೆ. ನೋಡಿದರೆ ಕೈ ಹಿಡಿದು ಎಳೆದುಬಿಡುತ್ತೇನೆಂದು ನನಗೆ ಗೊತ್ತಿತ್ತು. ಎಳೆದು ತಂದು ಕೊಡಿಸಿದರೆ ಅದು ನನ್ನ ದಾನ, ಅವಳದಲ್ಲ. ರಸ್ತೆ ದಾಟಿದೆ, ನಮ್ಮ ಬೀದಿಗೆ ತಿರುಗಿದೆ. ಎಲ್ಲರ ಮೇಲೂ ಸಿಟ್ಟು. ಉಪದೇಶಿಯ ಮೇಲೆ, ಗಂಡನ ಮೇಲೆ, ಸೋರುವ ಹೆಂಚಿನ ಮೇಲೆ. ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಸರಸರ ಸದ್ದು ಕೇಳಿಸಿತು. ಅದು ಜಪಾನಿನ ಪಟ್ಟು.

ಮಗಳ ಕೈಯಲ್ಲಿ ಅಂಗಡಿಯವರು ಬಹುಮಾನವೆಂದು ಕೊಟ್ಟ ಬಿಳಿ ಪಟ್ಟಿನ ತುಂಡು ಇತ್ತು. ನನ್ನನ್ನು ದಾಟಿ ಓಡಿ, ಅದನ್ನೇ ಚಿಕ್ಕಮ್ಮನ ಮಡಿಲಿಗೆ ಹಾಕಿದಳು.

"ಕೂಸಿಗೆ ಅಜ್ಜಿ. ಹೊಸದು."

ಅವರು ಅದನ್ನು ಬೆರಳ ನಡುವೆ ಹಿಡಿದು ನೋಡಿದರು. "ಚಂದ ಅದೆ, ನನ್ನ ಕಣ್ಣೇ. ನೀನು ದೊಡ್ಡೋಳಾದ್ಮೇಲೆ ರವಿಕೆ ಹೊಲಿಸ್ಕೋ. ಕೂಸಿಗೆ ಬೇಡ, ಮೈ ಕಿತ್ತುಹೋಗ್ತದೆ."

ಮಗಳ ಮುಖ ಬಾಡಿತು. ಅವಳು ಅಲ್ಲೇ ನಿಂತು ಕುತ್ತಿಗೆಯ ಪಕ್ಕ ಕೆರೆದುಕೊಂಡಳು. ನೀಲಿ ಪಟ್ಟು ತಾಗಿದ ಕಡೆ ಗೀರು ಗೀರಾಗಿ ಕೆಂಪಗಾಗಿತ್ತು. "ನಂಗೂ ಚುಚ್ತದೆ" ಎಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಹಗ್ಗದ ಹತ್ತಿರ ಹೋದಳು. ಅಜ್ಜಿಯ ಸೀರೆಯನ್ನು ಎಳೆದುಕೊಂಡು ಅದರಲ್ಲಿ ಮುಖ ಮುಚ್ಚಿ ನಿಂತಳು. ಬಿಸಿಲು ಗೋಡೆಯ ಮೇಲೆ ಹತ್ತಿತು. ಚಿಕ್ಕಮ್ಮ ಏಳಲು ಹೋದರು, ನಾನು ಕೈ ಸನ್ನೆಯಿಂದ ತಡೆದೆ.

ಮಡಿಸಿದಳು. ಅಂಚು ಒಳಗೆ ಬರುವಂತೆ, ನಾವು ಕೂಸಿಗೆ ಮಡಿಸುವ ಹಾಗೆಯೇ. ನಂತರ ಪಾವಾಡೆಯ ಸೊಂಟದಿಂದ ಒಂದು ಟಿಕೇಟು ತೆಗೆದಳು. ಎರಡು ಲಕ್ಷ್ಮಿಯನ್ನೂ ಗೋಲಿಯನ್ನೂ ಕೊಟ್ಟು ತಂದ ಅದೇ ಯೇಸು. ಅದನ್ನು ಮಡಿಕೆಯ ನಡುವೆ ಇಟ್ಟಳು.

ಕಿತ್ತು ಹರಿಯಲು ನನ್ನ ಕೈ ಮುಂದೆ ಹೋಗಿತ್ತು. ಅಂಗಡಿಯ ಹೆಸರು ಅತ್ತೆಯ ಸೀರೆಯೊಳಗೆ. ಆದರೆ ಅವಳ ಮುಖ ನೋಡಿ ಕೈ ನಿಂತಿತು. ಅವಳ ಹತ್ತಿರ ಇದ್ದ ಬೆಲೆಯುಳ್ಳ ವಸ್ತು ಎರಡೇ. ಎರಡನ್ನೂ ಕೊಡುತ್ತಿದ್ದಳು.

"ಇದ್ಯಾರೇ?" ಎಂದು ಚಿಕ್ಕಮ್ಮ ಚೀಟಿಯನ್ನು ದೂರ ಹಿಡಿದು ನೋಡಿದರು.

"ಯೇಸು ಸಾಮಿ, ಅವರಮ್ಮ. ಊರು ಬಿಟ್ಟು ಊರಿಗೆ ಹೋಗಿದ್ರು ಅಜ್ಜಿ. ಹೊಸ ಬಟ್ಟೆ ಇರ್ಲಿಲ್ಲ. ಇದ್ರೂ ಸುತ್ತತಿರ್ಲಿಲ್ಲ. ಅವರಮ್ಮ ಉಟ್ಟಿದ್ದ ಸೀರೆನೇ ಹರ್ದು ಸುತ್ತಿದ್ರು."

ಅತ್ತೆಯ ಮಾತು, ಅದೇ ಎಳೆತ. ನಾಟಕದಲ್ಲಿ ಹೇಳಿಸಿದ್ದ ತಮಿಳು ಒಂದಕ್ಷರವೂ ಇರಲಿಲ್ಲ.

"ತಿಳಿದೋಳು ಆ ತಾಯಿ" ಎಂದರು ಚಿಕ್ಕಮ್ಮ. "ನಮ್ಮ ಗೋಡೆ ಮೇಲೆ ದೀಪಾವಳಿದು ಲಕ್ಷ್ಮಿ ಅದೆ. ಅದರ ಪಕ್ಕಕ್ಕೆ ಅಂಟಿಸ್ತೀನಿ."

ಮುದಲಾಳಿಗೆ ಇನ್ನೊಂದು ಗೋಡೆ ಸಿಕ್ಕಿತು. ಅದನ್ನು ನೆನೆದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಚರ್ಚಿಗೆ ಹೊಸ ಹೆಂಚು ಬಂತು, ಪ್ರತಿ ಹೆಂಚಿನ ಮೇಲೂ ಅವರ ಹೆಸರಿನ ಮೊದಲ ಅಕ್ಷರ. ಮಳೆಗಾಲದಲ್ಲಿ ಸೆರಗು ನೆನೆಯುವುದು ನಿಂತಿತು, ಸಿಟ್ಟು ನಿಲ್ಲಲಿಲ್ಲ. ಮರುವರ್ಷದಿಂದ ನಾಟಕ ಇನ್ನೂ ದೊಡ್ಡದಾಯಿತು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಮಗಳನ್ನು ನಾನು ತಡೆಯಬೇಕಾಗಲಿಲ್ಲ.

ಅಂದು ರಾತ್ರಿ ಅನ್ನ, ಹುರುಳಿಯ ಕಟ್ಟಿನ ಸಾರು, ಸುಟ್ಟ ಹಪ್ಪಳ. ಕಜ್ಜಾಯದ ಹಿಟ್ಟು ಹದಕ್ಕೆ ಬಂದಿತ್ತು. ಮೊದಲ ನಾಲ್ಕು ಸೀದವು, ಅವನ್ನು ಗಂಡ ತಿಂದರು. ಚಿಕ್ಕಮ್ಮನ ಮನೆಗೂ ಒಂದು ತಟ್ಟೆ ಕಳಿಸಿದೆ. ತಟ್ಟೆ ಖಾಲಿಯಾಗಿ ವಾಪಸ್ಸು ಬಂತು, ತಿಂದರೋ ದನಕ್ಕೆ ಹಾಕಿದರೋ ಕೇಳಲಿಲ್ಲ. ನೀಲಿ ಪಾವಾಡೆ ಗೂಟದ ಮೇಲೆ ನೇತಾಡುತ್ತಿತ್ತು. ಮೊದಲು ಮಲಗಿದವನು ಮಗ, ಬಾಯಲ್ಲಿ ಬೆಲ್ಲದ ಅಂಟು ಹಾಗೇ ಇತ್ತು. ಆಮೇಲೆ ಗಂಡ. ಮಗಳು ಮಗ್ಗುಲು ಬದಲಾಯಿಸಿ ಬದಲಾಯಿಸಿ, ಕೊನೆಗೆ ನನ್ನ ಸೆರಗನ್ನು ಎಳೆದುಕೊಂಡು ಅಂಚನ್ನು ಬಾಯಿಗಿಟ್ಟು ನೋಡಿದಳು. "ಇದು ಇನ್ನೂ ಒರಟು" ಎಂದಳು. ಆದರೂ ಬಿಡಲಿಲ್ಲ.